ದಾದಿಯರ ಏಕಾಗ್ರತೆಯನ್ನು ಕಾಯ್ದ ಫ್ಲಾರೆನ್ಸ್ ನೈಟಿಂಗೇಲ್

ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ, ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನ. ನಮ್ಮ ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳು ಕೈಯಲ್ಲಿ ದೀಪ ಹಿಡಿದು ಅವರ ಹೆಸರಿನ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭಗಳಲ್ಲಿ ಪ್ರಾರ್ಥನಾವಿಧಿ ನಡೆಸುವ ಅವಕಾಶ ನಮಗೂ ಹಲವು ಬಾರಿ ದೊರೆತಿದೆ. ಆ ಪ್ರತಿಜ್ಞೆಯನ್ನು ನೈಟಿಂಗೇಲ್ ಅವರು ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಅವರ ಗೌರವಾರ್ಥ ರಚಿಸಿದ್ದು ಎಂಬುದು ಅನೇಕರಿಗೆ ತಿಳಿದಿರಲಾರದು. ಹಾಗೆಯೇ ದೀಪಧಾರಿಣಿಯ ಚಿತ್ರದ ಹಿಂದೆ ಮರೆಯಾಗಿರುವ ಅವರ ಇನ್ನೊಂದು ಮುಖ ನಮಗೂ ಬಹಳ ಕಾಲ ತಿಳಿದಿರಲಿಲ್ಲ. ಅದನ್ನು ಹುಡುಕುವಂತೆ ಮಾಡಿದ್ದು ಭದ್ರಾವತಿಯ ಒಂದು ಆಸ್ಪತ್ರೆಯಲ್ಲಿ ನಮ್ಮಿಂದಲೇ ಆದ ಒಂದು ತಪ್ಪು.

ಭದ್ರಾವತಿಯ ವಾರ್ಡಿನಲ್ಲಿ

ಕರಾವಳಿಯಿಂದ ಘಟ್ಟ ಹತ್ತಿ ಹೋಗಿ ಶಿವಮೊಗ್ಗ, ಭದ್ರಾವತಿಗಳಲ್ಲಿ ನೆಲೆಸಿದ ಕಥೋಲಿಕ ಕುಟುಂಬಗಳು ಹಲವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಅಲ್ಲಿ ಧರ್ಮಾಧ್ಯಕ್ಷರಾಗಿದ್ದ ಪರಮಪೂಜ್ಯ ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿ ಧರ್ಮಕ್ಷೇತ್ರದ ಪ್ರಥಮ ಧರ್ಮಾಧ್ಯಕ್ಷರಾಗಿ ಬಂದರು. ಹೀಗೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಹೋಗಿ ಬರುವ ನಂಟು ಇದೆ. ಆ ನಂಟಿನಿಂದಲೇ ನಾವು ಒಮ್ಮೆ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ಕಾಯಿಲೆ ಬಿದ್ದಿದ್ದಾರೆಂದು ತಿಳಿದು ಅವರನ್ನು ಕಾಣಲು ಭದ್ರಾವತಿಗೆ ಹೋಗಿದ್ದೆವು.

ವಾರ್ಡಿನ ಒಳಗೆ ಹೋದಾಗ ದಾದಿಯೊಬ್ಬರು ಮದ್ದಿನ ಟ್ರಾಲಿಯ ಎದುರು ನಿಂತು, ರೋಗಿಯ ಚೀಟಿ ನೋಡಿ ಮಾತ್ರೆಗಳನ್ನು ತೆಗೆದಿಡುತ್ತಿದ್ದರು. ನಾವು ಹಿಂದುಮುಂದು ನೋಡದೆ, ಡಾಕ್ಟರು ಬಂದು ಹೋದರೇ, ಜ್ವರ ಇಳಿದಿದೆಯೇ ಎಂದು ಕೇಳಿದೆವು. ಪಾದ್ರಿಗಳಲ್ಲವೇ, ಅವರು ಗೌರವದಿಂದ ತಿರುಗಿ ನಿಂತು ಉತ್ತರಿಸಿದರು. ಮತ್ತೆ ಟ್ರಾಲಿಯತ್ತ ತಿರುಗಿದವರು ಒಂದು ಕ್ಷಣ ಸುಮ್ಮನೆ ನಿಂತರು. ತೆಗೆದಿಟ್ಟಿದ್ದ ಮಾತ್ರೆಗಳನ್ನೆಲ್ಲ ವಾಪಸು ಹಾಕಿ ಚೀಟಿಯ ಮೊದಲ ಸಾಲಿನಿಂದ ಪುನಃ ಆರಂಭಿಸಿದರು. ನಾವು ಅಲ್ಲಿ ಕುಳಿತಿದ್ದ ಸ್ವಲ್ಪ ಹೊತ್ತಿನಲ್ಲೇ ಫೋನ್ ಬಂತು, ಅಟೆಂಡರ್ ಸಹಿ ಕೇಳಿದರು, ಒಬ್ಬರು ಬಿಲ್ಲಿನ ವಿಚಾರ ಎತ್ತಿದರು, ಇನ್ನೊಬ್ಬರು ಸಲೈನ್ ಮುಗಿಯಿತೆಂದು ಕೂಗಿದರು. ಪ್ರತಿ ಸಲವೂ ಆ ದಾದಿಯ ಕೈ ಅರ್ಧಕ್ಕೆ ನಿಂತಿತು.

ಇದನ್ನೆಲ್ಲ ಹಾಸಿಗೆಯಿಂದಲೇ ನೋಡುತ್ತಿದ್ದ ಆ ಹಿರಿಯರು ಮೆಲ್ಲನೆ ನಮಗೊಂದು ಮಾತು ಹೇಳಿದರು. ಕುಲುಮೆಯಿಂದ ಕರಗಿದ ಕಬ್ಬಿಣ ಹರಿಯುವಾಗ ಅಲ್ಲಿ ನಿಂತವನನ್ನು ಯಾರೂ ಮಾತಿಗೆಳೆಯುತ್ತಿರಲಿಲ್ಲವಂತೆ, ಮೇಲಧಿಕಾರಿ ಬಂದರೂ ಕಾಯುತ್ತಿದ್ದರಂತೆ. ಈ ಮಗುವಿನ ಕೈಯಲ್ಲಿರುವುದೂ ನಮ್ಮ ಜೀವವೇ ಅಲ್ಲವೇ ಫಾದರ್ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಮರಳಿದ ಮೇಲೆ ನೈಟಿಂಗೇಲ್ ಅವರ ಜೀವನವನ್ನು ಹೊಸದಾಗಿ ಓದಿದೆವು. ಆ ಹಿರಿಯರ ಪ್ರಶ್ನೆಯನ್ನು ಅವರು ನೂರೈವತ್ತು ವರ್ಷಗಳಿಗೂ ಹಿಂದೆಯೇ ಎತ್ತಿಕೊಂಡಿದ್ದರೆಂದು ತಿಳಿದು ಆಶ್ಚರ್ಯವಾಯಿತು.

ತನ್ನದೆನ್ನುವ ಅರ್ಧ ಗಂಟೆಯೂ ಇಲ್ಲದ ಯೌವನ

ಫ್ಲಾರೆನ್ಸ್ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲ್ ಇಂಗ್ಲೆಂಡಿನ ಸಿರಿವಂತ ಜಮೀನ್ದಾರರು. ಅವರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಕಿರಿಯವರಾದ ಫ್ಲಾರೆನ್ಸ್ ಅವರಿಗೆ ಗಣಿತದಲ್ಲಿ ಅಪಾರ ಆಸಕ್ತಿ. 1837ರ ಫೆಬ್ರವರಿ 7ರಂದು, ಹದಿನಾರರ ಹರೆಯದಲ್ಲಿ, ದೇವರು ತನ್ನನ್ನು ಸೇವೆಗೆ ಕರೆದರೆಂಬ ಸ್ಪಷ್ಟ ಅನುಭವ ಅವರಿಗಾಯಿತು. ಆದರೆ ಯಾವ ಸೇವೆ ಎಂಬುದು ತಿಳಿಯಲು ಕೆಲವು ವರ್ಷಗಳೇ ಬೇಕಾದವು. ದಾದಿಯ ಕೆಲಸವೆಂದು ತಿಳಿದಾಗ ಮನೆಯವರೆಲ್ಲ ವಿರೋಧಿಸಿದರು. ಆ ಕಾಲದಲ್ಲಿ ಆಸ್ಪತ್ರೆಯ ದಾದಿಯರಿಗೆ ತರಬೇತಿಯೂ ಇರಲಿಲ್ಲ, ಒಳ್ಳೆಯ ಹೆಸರೂ ಇರಲಿಲ್ಲ.

ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ, ಸಮಯವೊಂದನ್ನು ಬಿಟ್ಟು. ಅತಿಥಿಗಳು ಬಂದರೆ ಕೂತು ಮಾತನಾಡಬೇಕು, ತಾಯಿ ಕರೆದರೆ ಎದ್ದು ಹೋಗಬೇಕು, ಅಕ್ಕ ಹಾಡೆಂದರೆ ಹಾಡಬೇಕು. ಹೆಣ್ಣುಮಕ್ಕಳು ಮಾಡುತ್ತಿರುವ ಕೆಲಸವನ್ನು ಯಾರು ಯಾವಾಗ ಬೇಕಾದರೂ ನಿಲ್ಲಿಸಬಹುದೆಂಬುದು ಅಲ್ಲಿನ ರೂಢಿ. ಫ್ಲಾರೆನ್ಸ್ ಬೆಳಗಾಗುವ ಮೊದಲೇ ಎದ್ದು, ಶಾಲು ಹೊದ್ದು, ದೀಪದ ಬೆಳಕಿನಲ್ಲಿ ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. 1852ರ ಸುಮಾರಿಗೆ ಬರೆದ ಕಸಾಂಡ್ರಾ ಎಂಬ ಪ್ರಬಂಧದಲ್ಲಿ, ಹೆಂಗಸರಿಗೆ ದಿನದಲ್ಲಿ ತಮ್ಮದೆನ್ನುವ ಅರ್ಧ ಗಂಟೆಯೂ ಇಲ್ಲ ಎಂಬ ನೋವನ್ನು ಅವರು ತೋಡಿಕೊಂಡರು. ದೀಪ ಹಿಡಿದ ಮಹಿಳೆ ಮೊದಲು ದೀಪ ಹಚ್ಚಿದ್ದು ಯಾರೂ ಕರೆಯದ ಒಂದು ಗಂಟೆಗಾಗಿ ಎಂದರೆ ತಪ್ಪಾಗಲಾರದು.

ಕಾನ್ವೆಂಟ್‌ಗಳಲ್ಲಿ ಕಲಿತದ್ದು

ನೈಟಿಂಗೇಲ್ ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯವರು. ಆದರೆ ಕಥೋಲಿಕ ಧರ್ಮಭಗಿನಿಯರ ಋಣ ಅವರ ಮೇಲೆ ದೊಡ್ಡದು. 1848ರಲ್ಲಿ ರೋಮ್ ನಗರದ ಟ್ರಿನಿತಾ ದೇಯಿ ಮೊಂತಿ ಕಾನ್ವೆಂಟಿನಲ್ಲಿ ಹತ್ತು ದಿನಗಳ ಧ್ಯಾನಕೂಟ ಮಾಡಿದರು. ಅಲ್ಲಿನ ಮದರ್ ಸಾಂತಾ ಕೊಲೊಂಬಾ ಅವರನ್ನು ಕೊನೆಯವರೆಗೂ ನೆನೆಯುತ್ತಿದ್ದರು. 1850 ಮತ್ತು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪ್ರೊಟೆಸ್ಟೆಂಟ್ ಸೇವಾಭಗಿನಿಯರ ಸಂಸ್ಥೆಯಲ್ಲಿ ಇದ್ದು ಕಲಿತರು. 1853ರಲ್ಲಿ ಪ್ಯಾರಿಸ್‌ಗೆ ಹೋಗಿ ಕಥೋಲಿಕ ಧರ್ಮಭಗಿನಿಯರ ಆಸ್ಪತ್ರೆ ಕೆಲಸವನ್ನು ಹತ್ತಿರದಿಂದ ಕಂಡರು. ಅಲ್ಲೆಲ್ಲ ಅವರು ಕಂಡದ್ದು ನಿಯಮಬದ್ಧ ದಿನಚರಿ: ಪ್ರಾರ್ಥನೆಗೆ ಒಂದು ಹೊತ್ತು, ರೋಗಿಗೆ ಒಂದು ಹೊತ್ತು, ಒಂದು ಇನ್ನೊಂದನ್ನು ಕೆಡಿಸದಂಥ ವ್ಯವಸ್ಥೆ.

ಅದೇ 1853ರ ಆಗಸ್ಟ್‌ನಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಆಂಗ್ಲಿಕನ್ ಸಭೆಯವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂದಿದ್ದ ಸಮಿತಿಯೊಂದಿಗೆ ವಾದಿಸಿ ಕಥೋಲಿಕರಿಗೂ ಯೆಹೂದ್ಯರಿಗೂ ಬಾಗಿಲು ತೆರೆಸಿದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವರು ಕಟ್ಟಡಕ್ಕೆ ಕೇಳಿದ ಮೂರು ಏರ್ಪಾಡುಗಳು. ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ರೋಗಿಗಳ ಊಟ ಮೇಲಕ್ಕೆ ಹೋಗಲು ರಾಟೆಯ ಎತ್ತುಗ ಇರಬೇಕು. ರೋಗಿ ಗಂಟೆ ಬಾರಿಸಿದರೆ ಯಾರ ಗಂಟೆ ಎಂದು ದಾದಿಗೆ ತನ್ನ ಮಹಡಿಯಲ್ಲೇ ಕಾಣುವಂತೆ ಒಂದು ಮುಚ್ಚಳ ತೆರೆದುಕೊಳ್ಳಬೇಕು. ಇವಿಲ್ಲದಿದ್ದರೆ ದಾದಿ ಮೆಟ್ಟಿಲು ಹತ್ತಿ ಇಳಿಯುವ ಎರಡು ಕಾಲುಗಳಷ್ಟೇ ಆಗುತ್ತಾಳೆ ಎಂಬುದು ಅವರ ವಾದ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಹಾಸಿಗೆಯ ಬಳಿ ಇರುವ ಕರೆಗಂಟೆಯ ಹಿಂದಿನ ವಿಚಾರವೂ ಇದೇ. ದಾದಿಯನ್ನು ಇನ್ನಷ್ಟು ಓಡಾಡಿಸುವುದು ಅದರ ಉದ್ದೇಶವಲ್ಲ, ಅನಗತ್ಯ ಓಟ ತಪ್ಪಿಸುವುದು.

ಸ್ಕುಟಾರಿಯ ಪಾಠ

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ದುಃಸ್ಥಿತಿ ಲಂಡನ್ನಿನ ಪತ್ರಿಕೆಗಳಲ್ಲಿ ಬಂದಾಗ, ಸಚಿವ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ ನೈಟಿಂಗೇಲ್ 38 ಮಂದಿ ದಾದಿಯರೊಂದಿಗೆ ಹೊರಟು ನವೆಂಬರ್ 4ರಂದು ತುರ್ಕಿಯ ಸ್ಕುಟಾರಿ ತಲುಪಿದರು. ಆ 38ರಲ್ಲಿ 10 ಮಂದಿ ಕಥೋಲಿಕ ಧರ್ಮಭಗಿನಿಯರು. ಬರ್ಮಂಡ್ಸಿಯ ಮರ್ಸಿ ಸಭೆಯ ಮದರ್ ಮೇರಿ ಕ್ಲೇರ್ ಮೂರ್ ಅವರಲ್ಲೊಬ್ಬರು. ಮೇಲ್ವಿಚಾರಣೆಗೆ ತನಗಿಂತ ಅವರೇ ಹೆಚ್ಚು ಯೋಗ್ಯರೆಂದು ನೈಟಿಂಗೇಲ್ ಮುಂದೆ ಅವರಿಗೇ ಬರೆದು ತಿಳಿಸಿದರು. ಹಾಗೆಂದು ಅವರು ಎಲ್ಲರೊಂದಿಗೆ ಹೊಂದಿಕೊಂಡವರಲ್ಲ. ಐರ್ಲೆಂಡಿನಿಂದ ಬಂದ ಮದರ್ ಬ್ರಿಜ್ಮನ್ ಮತ್ತು ಅವರ ಧರ್ಮಭಗಿನಿಯರೊಂದಿಗೆ ಅಧಿಕಾರದ ಪ್ರಶ್ನೆಯಲ್ಲಿ ಕಠಿಣ ಜಗಳವೇ ನಡೆಯಿತು.

ರಾತ್ರಿ ಲಾಂದ್ರ ಹಿಡಿದು ಮೈಲುದ್ದದ ಸಾಲು ಹಾಸಿಗೆಗಳ ನಡುವೆ ನಡೆದ ಚಿತ್ರ ಲೋಕಕ್ಕೆಲ್ಲ ಗೊತ್ತು. ಆದರೆ ಸತ್ಯದ ಇನ್ನೊಂದು ಭಾಗ ಕಹಿಯಾದುದು. ದಾದಿಯರು ಬಂದ ಮೇಲೂ ಆ ಚಳಿಗಾಲದಲ್ಲಿ ಸಾವುಗಳು ಏರುತ್ತಲೇ ಹೋದವು. 1855ರ ಫೆಬ್ರವರಿಯಲ್ಲಿ ನೂರಕ್ಕೆ 42ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಸಿ, ಗಾಳಿಗೆ ದಾರಿ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದು ಊರಿಗೆ ಮರಳಿದ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಕುಳಿತು ಲೆಕ್ಕ ಹಾಕಿದರು. ಗುಂಡಿನಿಂದ ಸತ್ತವರಿಗಿಂತ ಆಸ್ಪತ್ರೆಯ ಕೊಳಕು ಮತ್ತು ಕಿಕ್ಕಿರಿದ ವಾಸದಿಂದ ಹಬ್ಬಿದ ರೋಗಗಳಿಂದ ಸತ್ತವರೇ ಎಷ್ಟೋ ಪಾಲು ಹೆಚ್ಚು. ತಾನು ದುಡಿದ ಆಸ್ಪತ್ರೆಯ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ, ಚಿತ್ರಪಟಗಳ ಮೂಲಕ ಸರಕಾರದ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯಾಗಿ ಆರಿಸಿತು.

ಇಂದು ರೋಗಿ ಸುರಕ್ಷತೆಯ ಸಂಸ್ಕೃತಿ ಎಂದು ಕರೆಯುವುದರ ಬೇರು ಇಲ್ಲಿದೆ. ತಪ್ಪಾದಾಗ ಒಬ್ಬ ದಾದಿಯ ಮೇಲೆ ಬೆರಳು ತೋರಿಸಿ ಮುಗಿಸದೆ, ಆ ತಪ್ಪಿಗೆ ಎಡೆಮಾಡಿದ ವ್ಯವಸ್ಥೆ ಯಾವುದೆಂದು ನೋಡುವುದು, ಮುಚ್ಚಿಡದೆ ಬರೆದಿಡುವುದು, ಮುಂದಿನ ಸಲ ಆಗದಂತೆ ಏರ್ಪಾಡು ಮಾಡುವುದು. ಆಸ್ಪತ್ರೆ ಮೊದಲು ರೋಗಿಗೆ ಕೇಡು ಮಾಡದಿರಬೇಕು ಎಂಬ ವಿಚಾರವನ್ನು ಅವರು ಆಸ್ಪತ್ರೆಗಳ ಕುರಿತ ತಮ್ಮ ಪುಸ್ತಕದ 1863ರ ಆವೃತ್ತಿಯ ಆರಂಭದಲ್ಲೇ ಇಟ್ಟರು.

ಹಾಸಿಗೆಯಿಂದ ನಡೆದ ಸೇವೆ

1855ರಲ್ಲಿ ಕ್ರಿಮಿಯಾದಲ್ಲಿ ಹಿಡಿದ ಜ್ವರ ಅವರನ್ನು ಪೂರ್ತಿ ಬಿಡಲಿಲ್ಲ. 1857ರ ನಂತರ ಹಲವು ವರ್ಷ ಹೆಚ್ಚಿನ ಸಮಯ ಹಾಸಿಗೆಯಲ್ಲೇ ಕಳೆಯಿತು. ಆಗ ಅವರು ಭೇಟಿಗೆ ಬರುವವರಿಗೆ ಕಟ್ಟುನಿಟ್ಟಿನ ನಿಯಮ ಮಾಡಿದರು: ಮೊದಲೇ ಸಮಯ ಕೇಳಬೇಕು, ಒಮ್ಮೆಗೆ ಒಬ್ಬರೇ ಬರಬೇಕು. ಕೆಲವರು ಇದನ್ನು ಗರ್ವವೆಂದರು. ಆದರೆ ಆ ಕೋಣೆಯಿಂದಲೇ ಅವರ ದೊಡ್ಡ ಕೆಲಸಗಳೆಲ್ಲ ನಡೆದವು. ಸಾರ್ವಜನಿಕರು ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಭಾರತಕ್ಕೆ ಅವರು ಬಂದವರಲ್ಲ. ಆದರೂ ಇಲ್ಲಿನ ಸೇನಾ ನೆಲೆಗಳಿಂದ ವರದಿ ತರಿಸಿಕೊಂಡು ಓದಿ, ರೋಗಗಳಿಂದ ಪ್ರತಿ ವರ್ಷ ಸಾವಿರಕ್ಕೆ 69 ಸೈನಿಕರು ಸಾಯುತ್ತಿರುವುದನ್ನು 1863ರ ರಾಜ ಆಯೋಗದ ವರದಿಯ ಮೂಲಕ ಎತ್ತಿ ತೋರಿಸಿದರು. 1865ರಲ್ಲಿ ಭಾರತದ ಆಸ್ಪತ್ರೆಗಳಿಗೆ ದಾದಿಯರ ವ್ಯವಸ್ಥೆ ಹೇಗಿರಬೇಕೆಂಬ ಸಲಹೆಗಳನ್ನೂ ಬರೆದರು.

1859ರ ಕೊನೆಗೆ ಹೊರಬಂದ ಶುಶ್ರೂಷೆಯ ಟಿಪ್ಪಣಿಗಳು ಎಂಬ ಪುಸ್ತಕದಲ್ಲಿ ಅಡ್ಡಿ ಎಂಬುದರ ಬಗ್ಗೆ ಅವರು ನೇರವಾಗಿ ಬರೆದಿದ್ದಾರೆ. ರೋಗಿಯ ಬೆನ್ನ ಹಿಂದಿನಿಂದ ಮಾತನಾಡಬಾರದು, ಅವಸರದ ಹೆಜ್ಜೆ ಬೇಡ, ಬಾಗಿಲಾಚೆ ಪಿಸುಮಾತು ಬೇಡ, ಯೋಚನೆಯಲ್ಲಿರುವವನನ್ನು ಹಠಾತ್ತನೆ ತಡೆಯಬಾರದು. ಇದು ರೋಗಿಗಷ್ಟೇ ಅಲ್ಲ, ಆರೋಗ್ಯವಂತರಿಗೂ ಅನ್ವಯಿಸುತ್ತದೆ ಎಂದು ಅವರು ಸೇರಿಸುತ್ತಾರೆ. ವರ್ಷಗಟ್ಟಲೆ ಎಡೆಬಿಡದ ಅಡ್ಡಿಗಳಿಗೆ ಒಡ್ಡಿಕೊಂಡವರ ಬುದ್ಧಿ ಕೊನೆಗೆ ಕದಡಿಹೋಗದೆ ಉಳಿದದ್ದನ್ನು ತಾನು ಕಂಡಿಲ್ಲ. ರೋಗಿಗೆ ನೋವು ಎಚ್ಚರಿಕೆ ಕೊಡುತ್ತದೆ, ಆರೋಗ್ಯವಂತರಿಗೆ ಆ ಎಚ್ಚರಿಕೆಯೂ ಸಿಗುವುದಿಲ್ಲ ಎಂಬುದು ಅವರ ಅನುಭವದ ಮಾತಿನ ತಿರುಳು. ನೆಲ ತಿಕ್ಕುವ ಕೆಲಸಕ್ಕೆ ಬೇರೆಯವರನ್ನು ನೇಮಿಸಿ, ದಾದಿಯ ಶಕ್ತಿಯನ್ನು ಶುಶ್ರೂಷೆಗೇ ಉಳಿಸಬೇಕೆಂದೂ ಅವರು ಒತ್ತಾಯಿಸಿದರು.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಪ್ರಥಮ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಗೌರವವನ್ನು ಅವರ ಇಚ್ಛೆಯಂತೆ ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿರುವ ಅವರ ಸಮಾಧಿಯ ಮೇಲೆ ಪೂರ್ತಿ ಹೆಸರೂ ಇಲ್ಲ, ಎರಡು ಅಕ್ಷರ ಮತ್ತು ಜನನ, ಮರಣದ ದಿನಾಂಕಗಳಷ್ಟೇ. ಅದೇ ವರ್ಷದ ನವೆಂಬರ್ 1ರಂದು ಮಂಗಳೂರಿನ ಕಂಕನಾಡಿಯಲ್ಲಿ ಬಡರೋಗಿಗಳ ಬಂಧು ಫಾದರ್ ಅಗಸ್ಟಸ್ ಮುಲ್ಲರ್ ನಿಧನರಾದರು. ಒಬ್ಬರನ್ನೊಬ್ಬರು ಕಾಣದ ಈ ಇಬ್ಬರನ್ನು ದೇವರು ಒಂದೇ ವರ್ಷ ತಮ್ಮ ಬಳಿಗೆ ಕರೆದುಕೊಂಡರು.

ಇಂದಿನ ಲೆಕ್ಕ

ನೈಟಿಂಗೇಲ್ ಅವರಂತೆಯೇ ಲೆಕ್ಕ ಹಾಕಿದವರು ಇತ್ತೀಚೆಗೂ ಇದ್ದಾರೆ. ಆಸ್ಟ್ರೇಲಿಯಾದ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ಸಂಶೋಧಕರು 98 ದಾದಿಯರ ಹಿಂದೆಯೇ ನಡೆದು, ಅವರು 720 ರೋಗಿಗಳಿಗೆ 4,271 ಸಲ ಮದ್ದು ಕೊಟ್ಟದ್ದನ್ನು ಗಮನಿಸಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅರ್ಧಕ್ಕೂ ಹೆಚ್ಚು ಸಲ ಮದ್ದು ಕೊಡುವಾಗ ಅಡ್ಡಿಯಾಗಿತ್ತು. ಒಂದೊಂದು ಅಡ್ಡಿಗೂ ಮದ್ದಿನ ತಪ್ಪುಗಳು ನೂರಕ್ಕೆ ಸುಮಾರು 12ರಷ್ಟು ಹೆಚ್ಚಿದ್ದವು. ಅಡ್ಡಿಗಳು ಹೆಚ್ಚಿದಂತೆ ತಪ್ಪಿನ ಗಂಭೀರತೆಯೂ ಹೆಚ್ಚಿತ್ತು. ಮದ್ದು ಕೊಡುವ ದಾದಿಗೆ ಅಡ್ಡಿ ಮಾಡಬೇಡಿ ಎಂದು ಬರೆದ ಮೇಲಂಗಿ ತೊಡಿಸಿ ನೋಡಿದ 2017ರ ಅಧ್ಯಯನದಲ್ಲಿ ಅಡ್ಡಿಗಳು ಕಡಿಮೆಯಾದವು. ಆದರೆ ಅದನ್ನು ತೊಡುವುದು ಸೆಕೆ, ಹೊತ್ತು ತಿನ್ನುತ್ತದೆ ಎಂದು ದಾದಿಯರೇ ಬೇಸರಪಟ್ಟರು. ನಮ್ಮ ಊರಿನ ಸೆಕೆಗಂತೂ ಕೇಳುವುದೇ ಬೇಡ. ಹಾಗಾಗಿ ಅಂಗಿ ಬದಲಿಸುವುದಕ್ಕಿಂತ ನಮ್ಮ ನಡತೆ ಬದಲಿಸುವುದು ಸುಲಭ.

ಎಲ್ಲ ಅಡ್ಡಿಯೂ ಕೆಟ್ಟದ್ದಲ್ಲ. ಸಲೈನ್ ಮುಗಿಯಿತೆಂದು, ಉಸಿರು ಕಟ್ಟುತ್ತಿದೆಯೆಂದು ಕರೆದರೆ ಅದು ಅಡ್ಡಿಯಲ್ಲ, ಅದೇ ದಾದಿಯ ಕೆಲಸ. ಜೊತೆಯ ದಾದಿ ಇದು ಬೇರೆ ಮಾತ್ರೆ ಎಂದು ತಡೆದರೆ ಒಂದು ಜೀವ ಉಳಿಯಬಹುದು. ಯಾಯಿರನ ಮನೆಗೆ ಧಾವಿಸುತ್ತಿದ್ದ ಯೇಸುಸ್ವಾಮಿ ರಕ್ತಸ್ರಾವದ ಮಹಿಳೆಗಾಗಿ ದಾರಿಯಲ್ಲಿ ನಿಂತರು. ನೊಂದವರ ಕರೆಗೆ ನಿಲ್ಲುವುದು ಬೇರೆ. ನಮ್ಮ ಕುತೂಹಲಕ್ಕಾಗಿ, ಅವಸರಕ್ಕಾಗಿ ಇನ್ನೊಬ್ಬ ರೋಗಿಯ ಪಾಲಿನ ಗಮನವನ್ನು ಕಸಿದುಕೊಳ್ಳುವುದು ಬೇರೆ. ಅಂದು ಭದ್ರಾವತಿಯಲ್ಲಿ ನಾವು ಮಾಡಿದ್ದು ಎರಡನೆಯದು.

ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಿರಲಿ, ಭದ್ರಾವತಿಯ ಧರ್ಮಭಗಿನಿಯರ ಆಸ್ಪತ್ರೆಯಿರಲಿ, ನಮ್ಮ ಕರಾವಳಿಯ ದೊಡ್ಡ ಆಸ್ಪತ್ರೆಗಳಿರಲಿ, ರೋಗಿಯನ್ನು ಕಾಣಲು ನಾವು ಪ್ರೀತಿಯಿಂದಲೇ ಹೋಗುತ್ತೇವೆ. ಒಬ್ಬ ರೋಗಿಗೆ ಮನೆಮಂದಿ, ನೆರೆಕರೆ, ವಾಳೆಯವರೆಲ್ಲ ಬರುವುದು ನಮ್ಮ ಸಮಾಜದ ಸೊಗಸು. ಆ ಪ್ರೀತಿಗೆ ಸ್ವಲ್ಪ ಎಚ್ಚರ ಸೇರಲಿ. ದಾದಿಯ ಕೈಯಲ್ಲಿ ಸೂಜಿಯೋ ಮಾತ್ರೆಯೋ ಇದ್ದರೆ ಮಾತು ಬೇಡ, ಕೆಲಸ ಮುಗಿಯಲಿ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟು, ಮನೆಯವರಲ್ಲಿ ಒಬ್ಬರೇ ಕೇಳಲಿ. ವಾರ್ಡಿನಲ್ಲಿ ಮೊಬೈಲ್ ಮೌನವಾಗಿರಲಿ. ಬಿಲ್ಲು, ಊಟ, ಬೀಗದ ಕೈಗಳಿಗೆ ದಾದಿಯನ್ನು ಕರೆಯದಿರೋಣ. ಆಸ್ಪತ್ರೆ ನಡೆಸುವವರು ಮದ್ದು ಹಂಚುವ ಹೊತ್ತಿನಲ್ಲಿ ಫೋನ್ ಎತ್ತಲು, ಕಾಗದಕ್ಕೆ ಓಡಾಡಲು ಬೇರೊಬ್ಬರನ್ನು ನಿಲ್ಲಿಸಲಿ. ದಾದಿ ತನ್ನ ತಪ್ಪನ್ನು ತಾನೇ ಬಂದು ಹೇಳಿದರೆ ಬೈಯುವ ಮೊದಲು ಆ ಹೊತ್ತಿನಲ್ಲಿ ಅವಳನ್ನು ಎಷ್ಟು ಜನ ಕರೆದಿದ್ದರೆಂದು ವಿಚಾರಿಸಲಿ. ಧರ್ಮಗುರುಗಳಾದ ನಾವೂ ಪರಮಪ್ರಸಾದ ಹಿಡಿದು ಹೋದಾಗ, ಬಾಗಿಲ ಬಳಿ ಎರಡು ನಿಮಿಷ ಕಾಯೋಣ. ಕಾಯುವ ಆ ಎರಡು ನಿಮಿಷವೂ ಪ್ರಾರ್ಥನೆಯೇ.

ಭದ್ರಾವತಿಯ ಆ ಹಿರಿಯರು ಗುಣಮುಖರಾಗಿ ಮನೆಗೆ ಹೋದರು. ಆ ದಾದಿಯ ಹೆಸರು ನಮಗೆ ಗೊತ್ತಿಲ್ಲ. ಎಲ್ಲವನ್ನೂ ವಾಪಸು ಹಾಕಿ ಮೊದಲಿನಿಂದ ಎಣಿಸಿದ ಅವರ ತಾಳ್ಮೆಗೆ ನಾವು ಋಣಿಗಳು. ಫ್ಲಾರೆನ್ಸ್ ನೈಟಿಂಗೇಲ್ ಹಚ್ಚಿದ ದೀಪ ಅಂಥವರ ಕೈಯಲ್ಲಿ ಇಂದಿಗೂ ಉರಿಯುತ್ತಿದೆ. ನಾವು ಅದನ್ನು ಹಿಡಿಯಲಾರದಿದ್ದರೂ ನಮ್ಮ ಮಾತಿನ ಗಾಳಿಗೆ ಅದು ಅಲುಗದಂತೆ ನೋಡಿಕೊಳ್ಳಬಹುದು. ನಮ್ಮೆಲ್ಲ ದಾದಿಯರನ್ನು ದೇವರು ಹರಸಲಿ.